ಎರಡೂ ಕಡೆಯ ನೆಂಟ

ಹತ್ತನೇ ಕ್ಲಾಸಿನಲ್ಲಿ 'ಗಣಗಳು' ಪಾಠ ಶುರುವಾದ ದಿನ ನಮ್ಮ ಮೇಷ್ಟ್ರು ಬೋರ್ಡಿನ ಮೇಲೆ ಒಂದು ಲೆಕ್ಕ ಬರೆದರು. ತರಗತಿಯಲ್ಲಿ 50 ಹುಡುಗರಿದ್ದಾರೆ. 30 ಜನ ಕ್ರಿಕೆಟ್ ಆಡುತ್ತಾರೆ, 28 ಜನ ಕಬಡ್ಡಿ ಆಡುತ್ತಾರೆ, 15 ಜನ ಎರಡನ್ನೂ ಆಡುತ್ತಾರೆ. ಯಾವುದನ್ನೂ ಆಡದವರು ಎಷ್ಟು?

ನಾನು 30ಕ್ಕೆ 28 ಕೂಡಿಸಿ 58 ಅಂತ ಬರೆದು, ಅಡಿಗೆ ಎರಡು ಗೆರೆ ಎಳೆದು ಕೂತೆ. ಮೇಷ್ಟ್ರು ಬಗ್ಗಿ ನೋಡಿದರು. "ಇರೋರೇ 50 ಜನ. ಇನ್ನೆಂಟು ಜನ ಎಲ್ಲಿಂದ ಬಂದ್ರೋ?"

"ಬಿ ಸೆಕ್ಷನ್ನಿಂದ ಸಾರ್" ಅಂದೆ. ಆಮೇಲೆ ನಡೆದದ್ದು ಇಲ್ಲಿ ಬೇಡ.

ಆ 15 ಹುಡುಗರನ್ನು ಕ್ರಿಕೆಟ್ಟಿನಲ್ಲೂ ಎಣಿಸಿದ್ದೀವಿ, ಕಬಡ್ಡಿಯಲ್ಲೂ ಎಣಿಸಿದ್ದೀವಿ, ಅದಕ್ಕೇ ಒಂದು ಸಲ ಕಳೀಬೇಕು ಎಂದರು. 58ರಲ್ಲಿ 15 ಹೋದರೆ 43. ಉಳಿದವರು 7. ನನಗೆ ಲೆಕ್ಕಕ್ಕಿಂತ ಆ ಏಳು ಜನರದ್ದೇ ಚಿಂತೆ. "ಅವರು ಏನು ಮಾಡ್ತಾರೆ ಸಾರ್?" ಎಂದು ಕೇಳಿದೆ. "ನಿನ್ನ ಥರ ಕಿಟಕಿ ಆಚೆ ನೋಡ್ತಾ ಕೂತಿರ್ತಾರೆ" ಎಂದರು.

ಇಷ್ಟು ವಿದ್ಯೆ ಇಟ್ಟುಕೊಂಡು ನಾನು ಬ್ಯಾಂಕಿಗೆ ಸೇರಿದೆ. ನೆಂಟರಿಗೆ ಬ್ಯಾಂಕಿನವನು ಅಂದರೆ ಲೆಕ್ಕದಲ್ಲಿ ಹುಲಿ ಅಂತ ನಂಬಿಕೆ. ಹಾಗಾಗಿ ಚಿಕ್ಕಪ್ಪನ ಮಗಳ ಮದುವೆಗೆ ಊಟದ ಎಲೆ ಲೆಕ್ಕ ಹಾಕುವ ಕೆಲಸ ನನ್ನ ತಲೆಗೇ ಬಂತು.

ಮದುವೆ ಅರಸೀಕೆರೆಯ ಛತ್ರದಲ್ಲಿ. ಹುಡುಗ ಹೊರಗಿನವನಲ್ಲ, ನಮ್ಮ ಸೋದರತ್ತೆಯ ಮಗನೇ. ಅಂದರೆ ಚಿಕ್ಕಪ್ಪ ತನ್ನ ಮಗಳನ್ನು ತನ್ನ ಅಕ್ಕನ ಮಗನಿಗೇ ಕೊಡುತ್ತಿದ್ದರು. ಈ ಒಂದು ವಿಷಯ ನೆನಪಿಟ್ಟುಕೊಳ್ಳಿ. ನಾನು ಇಟ್ಟುಕೊಳ್ಳಲಿಲ್ಲ.

ಚಿಕ್ಕಪ್ಪ ಹೆಣ್ಣಿನ ಕಡೆಯವರ ಪಟ್ಟಿ ಕೊಟ್ಟರು, ಮನೆಮಂದಿಯನ್ನೆಲ್ಲ ಹಿಡಿದು 220. ಅತ್ತೆ ಫೋನಿನಲ್ಲಿ ಒಂದೊಂದೇ ಹೆಸರು ಹೇಳಿ ಗಂಡಿನ ಕಡೆಯವರದ್ದು ಬರೆಸಿದರು, 190. ಚಿಕ್ಕಪ್ಪನ ಬೀದಿಯವರದ್ದು ಬೇರೆ ಪಟ್ಟಿ, 70. ಮೂರನ್ನೂ ಡೈರಿಯಲ್ಲಿ ನೀಟಾಗಿ ಬರೆದು, ಕೂಡಿಸಿ, ಅಡುಗೆ ಭಟ್ಟರಿಗೆ 480 ಎಲೆ ಅಂತ ಹೇಳಿದೆ. ಭಟ್ಟರು ಎಲೆ ಅಡಿಕೆ ಜಗಿಯುತ್ತಾ, "ಎಲ್ಲಾ ಒಂದೇ ಬಳಗ ಅಲ್ವಾ ಸ್ವಾಮಿ? ಅಷ್ಟು ಜನ ಆಗ್ತಾರಾ?" ಎಂದು ಕೇಳಿದರು. "ಪಟ್ಟಿ ಇದೆ ಭಟ್ರೇ" ಎಂದೆ. ಭಟ್ಟರು ಮತ್ತೆ ಮಾತಾಡಲಿಲ್ಲ. ಎಲೆಗೆ ಎರಡರಂತೆ 960 ಒಬ್ಬಟ್ಟು ತಟ್ಟಿಸಿದರು.

ಮದುವೆ ಸಾಂಗವಾಗಿ ಆಯಿತು. ಕೊನೆಯ ಪಂಕ್ತಿ ಎದ್ದ ಮೇಲೆ ಅಡುಗೆ ಮನೆಗೆ ಹೋದರೆ ಬಿದಿರು ಬುಟ್ಟಿಗಳಲ್ಲಿ ಒಬ್ಬಟ್ಟು ಒಂದರ ಮೇಲೊಂದು ಹಾಗೇ ಕೂತಿದೆ. ಇನ್ನೂರು ಚಿಲ್ಲರೆ. ಭಟ್ಟರು ತೊಳೆದಿಟ್ಟ ಎಲೆಯ ಕಟ್ಟುಗಳ ಕಡೆ ಕೈ ತೋರಿಸಿ, "ಎದ್ದಿದ್ದು 365 ಎಲೆ. ಉಳಿದಿದ್ದು 115" ಎಂದರಷ್ಟೆ. ಅವರ ಮುಖದಲ್ಲಿ ನಗು ಇರಲಿಲ್ಲ. ಇದ್ದಿದ್ದರೇ ವಾಸಿ ಇತ್ತು.

ಚಿಕ್ಕಪ್ಪ ಬುಟ್ಟಿ ನೋಡಿದರು, ನನ್ನನ್ನು ನೋಡಿದರು. "ಯಾರು ಯಾರು ತಪ್ಪಿಸಿಕೊಂಡ್ರು ನೋಡೋ" ಎಂದರು. ಯಾರೂ ತಪ್ಪಿಸಿಕೊಂಡಿರಲಿಲ್ಲ. ಒಬ್ಬಟ್ಟಿನ ಊಟ ತಪ್ಪಿಸಿಕೊಳ್ಳುವ ಬಳಗ ಅಲ್ಲ ನಮ್ಮದು.

ಪಿಯುಸಿ ಓದುವ ನನ್ನ ಮಗಳು ಡೈರಿ ಇಸಿದುಕೊಂಡಳು. ಎರಡನೇ ಪುಟಕ್ಕೇ ನಿಂತಳು. "ಅಪ್ಪ, ನಿನ್ನ ಹೆಸರು ಹೆಣ್ಣಿನ ಕಡೆಯಲ್ಲೂ ಇದೆ, ಗಂಡಿನ ಕಡೆಯಲ್ಲೂ ಇದೆ."

ನೋಡಿದೆ. ಎರಡೂ ನನ್ನದೇ ಅಕ್ಷರ.

ಇನ್ನು ಕೇಳಬೇಕಾ? ನಮ್ಮಪ್ಪನ ಕಡೆಯ ಇಡೀ ಬಳಗ ಎರಡೂ ಪಟ್ಟಿಯಲ್ಲಿತ್ತು. ಚಿಕ್ಕಪ್ಪನಿಗೆ ಅಣ್ಣನ ಮಕ್ಕಳಾದವರು ಅತ್ತೆಗೆ ತಮ್ಮಂದಿರ ಮಕ್ಕಳು. ಮಗಳು ಪೆನ್ಸಿಲ್ ಹಿಡಿದು ಒಂದು ಗಂಟೆ ಹೆಸರು ತಾಳೆ ಹಾಕಿದಳು. ಆಮೇಲೆ ಲಗ್ನಪತ್ರಿಕೆಯ ಹಿಂದೆ ಪಟ್ಟಿಗೊಂದರಂತೆ ಮೂರು ವೃತ್ತ ಬರೆದಳು, ಒಂದರ ಮೇಲೊಂದು ಸ್ವಲ್ಪ ಸ್ವಲ್ಪ ಹತ್ತಿಕೊಂಡ ಹಾಗೆ. ನನಗಂತೂ ಎಲೆ ಮೇಲೆ ಬಡಿಸಿದ ಮೂರು ಒಬ್ಬಟ್ಟಿನ ಥರ ಕಂಡಿತು.

"ಇದು ವೆನ್ ಚಿತ್ರ ತಾತ" ಎಂದು ಚಿಕ್ಕಪ್ಪನಿಗೆ ಹೇಳಿದಳು. ಜಾನ್ ವೆನ್ ಅನ್ನುವ ಇಂಗ್ಲೆಂಡಿನ ಮೇಷ್ಟ್ರು 1880ರಲ್ಲಿ ಈ ಚಿತ್ರಗಳ ಬಗ್ಗೆ ಬರೆದದ್ದು. ಅವರಿಗಿಂತ ನೂರು ವರ್ಷ ಮುಂಚೆಯೇ ಆಯ್ಲರ್ ಅನ್ನುವ ಗಣಿತಜ್ಞರು ಇಂಥ ವೃತ್ತ ಬರೆದಿದ್ದರು, ಹೆಸರು ಮಾತ್ರ ವೆನ್ ಅವರಿಗೆ ಅಂಟಿಕೊಂಡಿತು. ಈ ವೆನ್ ಕ್ರಿಕೆಟ್ ಬಾಲ್ ಎಸೆಯುವ ಯಂತ್ರ ಬೇರೆ ಮಾಡಿದ್ದರು. 1909ರಲ್ಲಿ ಕೇಂಬ್ರಿಜ್‌ಗೆ ಬಂದ ಆಸ್ಟ್ರೇಲಿಯಾ ತಂಡದ ಒಬ್ಬ ಆಟಗಾರನನ್ನು ಅದು ನಾಲ್ಕು ಸಲ ಬೌಲ್ಡ್ ಮಾಡಿತಂತೆ. ಕ್ರಿಕೆಟ್, ವೃತ್ತ ಎರಡರಲ್ಲೂ ಇದ್ದ ಮನುಷ್ಯ. ಕೆಲವು ಕಾಲ ಪಾದ್ರಿಯಾಗಿಯೂ ಇದ್ದರು. ನಮ್ಮಂಥ ಒಂದು ಮದುವೆ ನೋಡಿರಲೇಬೇಕು ಅಂತ ನನ್ನ ಗುಮಾನಿ.

ಮಗಳು ಲೆಕ್ಕ ಶುರು ಮಾಡಿದಳು. ಹೆಣ್ಣು-ಗಂಡು ಎರಡೂ ಕಡೆಯವರು 110. ಹೆಣ್ಣಿನ ಕಡೆಯವರಾಗಿ ಬೀದಿಯವರೂ ಆದವರು 25. ಗಂಡಿನ ಕಡೆಯವರಾಗಿ ಬೀದಿಯವರೂ ಆದವರು 15. ಒಟ್ಟು 150. "480ರಲ್ಲಿ 150 ಕಳೆದರೆ 330."

"ಸರಿ ಹೋಯ್ತು, 330" ಎಂದು ಚಿಕ್ಕಪ್ಪ ಏಳಲು ಹೊರಟರು.

"ಕೂತ್ಕೊಳ್ಳಿ ತಾತ, ಮುಗಿದಿಲ್ಲ. ಮೂರೂ ಪಟ್ಟಿಯಲ್ಲಿ ಇರೋರು 10 ಜನ. ಅವರನ್ನ ಮೂರು ಸಲ ಸೇರಿಸಿದ್ವಿ. ಈಗ ಮೂರು ಸಲ ಕಳೆದುಬಿಟ್ವಿ. ಅವರು ಲೆಕ್ಕದಲ್ಲೇ ಇಲ್ಲ."

"ಯಾರು ಆ 10 ಜನ?"

ಮಗಳು ಓದಿದಳು. ಮೊದಲ ಹೆಸರೇ ಚಿಕ್ಕಪ್ಪನದು. ಹುಡುಗಿಯ ಅಪ್ಪ, ಹುಡುಗನ ಸೋದರಮಾವ, ಬೀದಿಯಲ್ಲಿ ಮೂರನೇ ಮನೆ. ಅವರ ಮುಖ ಕಪ್ಪಿಟ್ಟಿತು. "ಲೇ, ಮದುವೆ ಮಾಡಿದವನು ನಾನು! ನನಗೇ ಎಲೆ ಇಲ್ವಾ?"

10 ವಾಪಸ್ ಸೇರಿಸಿದಳು. 340. ಚಿಕ್ಕಪ್ಪ ಉಸಿರು ಬಿಟ್ಟರು. "ಗಂಡಿನ ಕಡೆ 190 ಜನ ಅಂತ ಅಕ್ಕ ಕುಣೀತಿದ್ದಳಲ್ಲ, ಬರೀ ಗಂಡಿನ ಕಡೆಯವರು ಮಾತ್ರ ಎಷ್ಟು?" ಎಂದು ಮೆಲ್ಲಗೆ ಕೇಳಿದರು. ಮಗಳು ಹೇಳಿದ್ದು 75. ಅವರಿಗೆ ಬಹಳ ಖುಷಿಯಾಯಿತು. "ಅವಳಿಗೆ ಹೇಳಬೇಡ" ಎಂದು ನನಗೆ ಕಣ್ಣು ಹೊಡೆದರು.

ಒಂದು ಮಾತ್ರ ಕೂಡಲಿಲ್ಲ. ಜನ 340, ಎದ್ದ ಎಲೆ 365. ಉಳಿದ 25 ಎಲೆಗೆ ಯಾರು ಕೂತರು? ಮಗಳು ಪೆನ್ಸಿಲ್ ಕಚ್ಚುತ್ತಾ ಮೂರೂ ವೃತ್ತಗಳ ಸುತ್ತ ಒಂದು ಚೌಕ ಎಳೆದು, "ಇವರು ಛತ್ರದ ಒಳಗಿದ್ದಾರೆ, ವೃತ್ತದ ಹೊರಗಿದ್ದಾರೆ" ಎಂದಳು. ಭಟ್ಟರು ಬಾಗಿಲಲ್ಲೇ ನಿಂತು ಬೆರಳು ಮಡಿಸಿದರು. "ಓಲಗದವರು ಆರು. ಫೋಟೋ, ವಿಡಿಯೋದವರು ಐದು. ಬಸ್ಸು, ಕಾರುಗಳ ಡ್ರೈವರುಗಳು ಎಂಟು. ನನ್ನ ಕಡೆ ಹುಡುಗರು ಆರು. ಊಟ ಹಾಕದೆ ಕಳಿಸಕ್ಕಾಗುತ್ತಾ?"

ಸರಿಯಾಗಿ 25. ನಾನು ಸುಮ್ನೆ ಕಿಟಕಿ ಆಚೆ ನೋಡಿದೆ.

ಸಂಜೆ ಹೊರಡುವಾಗ ಚಿಕ್ಕಮ್ಮ ನನ್ನನ್ನು ಪಕ್ಕಕ್ಕೆ ಕರೆದು, ಹೆಣ್ಣಿನ ಕಡೆಯವನು ಅಂತ ಹತ್ತು ಒಬ್ಬಟ್ಟಿನ ಪೊಟ್ಟಣ ಚೀಲಕ್ಕೆ ಹಾಕಿದರು. ಗೇಟಿನ ಹತ್ತಿರ ಅತ್ತೆ ಅಡ್ಡ ಹಾಕಿದರು. "ಗಂಡಿನ ಕಡೆಯವನು ನೀನು, ಬರಿಗೈಯಲ್ಲಿ ಹೋಗ್ತೀಯೇನೋ?" ಎಂದು ಇನ್ನೊಂದು ಪೊಟ್ಟಣ ಹಿಡಿದರು.

ಮಗಳು ನನ್ನ ಮುಖವನ್ನೇ ನೋಡುತ್ತಿದ್ದಳು. ಒಂದನ್ನು ಕಳೆಯಬೇಕು ಅಂತ ನನಗೂ ಗೊತ್ತಿತ್ತು. ಎರಡನ್ನೂ ತಗೊಂಡು ಕಾರು ಹತ್ತಿದೆ.