ಬಿದ್ದ ಮನೆಯ ಘರಪಟ್ಟಿ

ಮೊನ್ನೆ ಊರಿಗೆ ಹೋಗಿ ಘರಪಟ್ಟಿ ಕಟ್ಟಿ ಬಂದೆ. 402 ರೂಪಾಯಿ. ದಕ್ಷಿಣದ ಗೆಳೆಯರಿಗಾಗಿ ಹೇಳುವುದಾದರೆ ಘರಪಟ್ಟಿ ಅಂದರೆ ಮನೆ ಕಂದಾಯ. ಮನೆ ಮಾತ್ರ ಇಲ್ಲ. ಅದು 2019ರಲ್ಲೇ ಬಿದ್ದುಹೋಗಿದೆ.

ನಮ್ಮದು ಮಲಪ್ರಭಾ ದಂಡೆಯ ಊರು. ಆ ವರ್ಷದ ಆಗಸ್ಟಿನಲ್ಲಿ ನವಿಲುತೀರ್ಥ ಅಣೆಕಟ್ಟೆಯಿಂದ ಬಿಟ್ಟ ನೀರು ಓಣಿಯೊಳಗೆ ಬಂತು. ಮಣ್ಣಿನ ಗೋಡೆ, ಮಣ್ಣಿನ ಮಾಳಿಗೆಯ ಮನೆ. ನೀರು ನಿಂತಿದ್ದಾಗ ಅದು ಬೀಳಲಿಲ್ಲ. ನೀರು ಇಳಿದು, ಬಿಸಿಲು ಬಿದ್ದು, ಇನ್ನೇನು ಉಳಿಯಿತು ಅಂದುಕೊಂಡ ಮೇಲೆ ಒಂದೊಂದೇ ಗೋಡೆ ಕುಳಿತವು. ಮೊದಲು ಅಡುಗೆಮನೆ, ಆಮೇಲೆ ಪಡಸಾಲೆ. ಜಂತಿಗಳು ಯಾರ್ಯಾರ ಒಲೆಗೋ ಹೋದವು, ನಾನು ಕೇಳಲು ಹೋಗಲಿಲ್ಲ. ಈಗ ನಿಂತಿರುವುದು ತಲಬಾಗಿಲು ಒಂದೇ, ಚೌಕಟ್ಟು ಸಮೇತ. ಅವ್ವ ಹುಬ್ಬಳ್ಳಿಗೆ ನನ್ನ ಹತ್ತಿರ ಬರುವಾಗ ಹಾಕಿದ ಬೀಗ ಇನ್ನೂ ಅದಕ್ಕೆ ಜೋತುಬಿದ್ದಿದೆ. ಓಣಿಯ ಆಡುಗಳು ಬಾಗಿಲ ಪಕ್ಕದಿಂದ ಒಳಗೆ ಹೋಗಿ ಬರುತ್ತವೆ.

ಈ ಸಲ ಪಾವತಿಯನ್ನು, ಅಂದರೆ ರಸೀದಿಯನ್ನು, ಸರಿಯಾಗಿ ಓದಿದೆ. ಕಟ್ಟಡ ತೆರಿಗೆ 300. ಅದರ ಮೇಲೆ ಆರೋಗ್ಯ ಕರ ಶೇ 15, ಅಂದರೆ 45. ಶಿಕ್ಷಣ ಕರ ಶೇ 10, 30 ರೂಪಾಯಿ. ಗ್ರಂಥಾಲಯ ಕರ ಶೇ 6, 18. ಭಿಕ್ಷುಕರ ಕರ ಶೇ 3, 9. ಆಡು ಮತ್ತು ಓತಿಕ್ಯಾತ ವಾಸ ಮಾಡುವ ಮನೆಯಿಂದ ಗ್ರಂಥಾಲಯ ಕರ! ಪುಣ್ಯಕ್ಕೆ ನೀರಿನ ಪಟ್ಟಿ ಹಚ್ಚಿರಲಿಲ್ಲ. ನಳ ಯಾವಾಗಲೋ ಕಿತ್ತುಹೋಗಿದೆ, ಅದು ಮಾತ್ರ ಅವರ ಗಮನಕ್ಕೆ ಬಂದಿದೆ.

402 ರೂಪಾಯಿಗೆ ನಾನು ಅಳುತ್ತಿಲ್ಲ. ಪಂಚಾಯಿತಿಗೆ ತನ್ನದು ಅಂತ ಇರುವ ಆದಾಯವೇ ಇಷ್ಟು. ಹುಬ್ಬಳ್ಳಿಯಲ್ಲಿ ಒಂದು ಸಲ ಕುಟುಂಬ ಸಮೇತ ಹೋಟೆಲಿಗೆ ಹೋದರೆ ಇದಕ್ಕಿಂತ ಹೆಚ್ಚು ಬಿಲ್ ಆಗುತ್ತದೆ. ನನ್ನ ತಕರಾರು ಬೇರೆ.

ಆ ಪ್ರವಾಹದ ನಂತರ ಸರ್ಕಾರ ಬಿದ್ದ ಮನೆಗಳ ಸರ್ವೆ ಮಾಡಿಸಿತು. ಶೇ 75ಕ್ಕಿಂತ ಹೆಚ್ಚು ಹಾನಿಯಾಗಿದ್ದರೆ ಎ ವರ್ಗ, ಐದು ಲಕ್ಷ ಪರಿಹಾರ. ಅದಕ್ಕಿಂತ ಕಡಿಮೆಯಾದರೆ ಬಿ, ಸಿ. ನಮ್ಮ ಮನೆಗೂ ಬಂದರು, ಫೋಟೊ ತೆಗೆದರು. ಕೊನೆಗೆ ಹೆಸರು ಪಟ್ಟಿಯಲ್ಲಿ ಬರಲಿಲ್ಲ. ಕೇಳಿದರೆ, 'ಮನ್ಯಾಗ ಯಾರೂ ವಾಸ ಇರಲಿಲ್ಲಲ್ರಿ' ಅಂದರು. ಒಪ್ಪಿಕೊಂಡೆ, ಅಪ್ಪ ತೀರಿಕೊಂಡಿದ್ದರು, ಅವ್ವ ನನ್ನ ಜೊತೆಗಿದ್ದಳು. ಇದ್ದುದರಲ್ಲಿ ನಿಜವಾಗಿ ಬೀದಿಗೆ ಬಿದ್ದವರಿಗೆ ದುಡ್ಡು ಹೋಗಲಿ. ಆದರೆ ಪರಿಹಾರದ ಕಡತದಲ್ಲಿ ಯಾರೂ ವಾಸವಿಲ್ಲದ್ದು ಅಂತ ಬಿಟ್ಟುಹೋದ ಮನೆ, ಅದೇ ಕಚೇರಿಯ ಪಕ್ಕದ ಮೇಜಿನ ಡಿಮ್ಯಾಂಡ್ ರಜಿಸ್ಟರಿನಲ್ಲಿ, ಅಂದರೆ ತೆರಿಗೆ ವಸೂಲಿಯ ಪುಸ್ತಕದಲ್ಲಿ, ಗಟ್ಟಿಮುಟ್ಟಾಗಿ ನಿಂತಿದೆ. ಕೊಡುವಾಗ ಅದು ಮನೆಯಲ್ಲ, ತಗೊಳ್ಳುವಾಗ ಮನೆ.

ಕಾನೂನು ಇಷ್ಟು ಹಟಮಾರಿಯೇನಲ್ಲ. 1993ರ ಪಂಚಾಯತ್ ರಾಜ್ ಕಾಯ್ದೆಯ 199ನೇ ಕಲಂ ಕಟ್ಟಡಕ್ಕೂ ತೆರಿಗೆ ಹಾಕಬಹುದು ಅನ್ನುತ್ತದೆ, ಕೃಷಿ ಕಂದಾಯಕ್ಕೆ ಒಳಪಡದ ಜಾಗಕ್ಕೂ ಹಾಕಬಹುದು ಅನ್ನುತ್ತದೆ. ಅಂದರೆ ಕಟ್ಟಡ ಹೋದ ಮೇಲೆ ಖುಲ್ಲಾ ಜಾಗಾ ಅಂತ ಬರೆದುಕೊಂಡು ಅದರ ಪಟ್ಟಿ ತಗೊಳ್ಳಲಿ, ನಾನು ಸಂತೋಷದಿಂದ ಕಟ್ಟುತ್ತೇನೆ. ಇದನ್ನೇ ಬಿಲ್ ಕಲೆಕ್ಟರಿಗೆ ಹೇಳಿದೆ. ನಮ್ಮೂರಿನವನೇ, ನನಗಿಂತ ಸಣ್ಣವನು.

"ಬಿದ್ದೈತಿ ಅಂತ ಬರಿಯಾಕ ನನಗೇನ್ರಿ ಕಷ್ಟ, ಅಣ್ಣಾರ? ಆದ್ರ ಮನಿ ಅಂತ ಇದ್ರ ಮನಿ. ಖುಲ್ಲಾ ಜಾಗಾ ಆತಂದ್ರ ನಾಳೆ ಬಾಜೂದವ್ರು ಬಣವಿ ಒಟ್ಟತಾರ. ನೀವು ಹುಬ್ಬಳ್ಳ್ಯಾಗ ಕುಂತು ಏನ್ ಮಾಡ್ತೀರಿ?"

ಇಡೀ ವ್ಯವಸ್ಥೆ ನಿಂತಿರುವುದು ಈ ಹೆದರಿಕೆಯ ಮೇಲೆ. ಅವ್ವನೂ ಪ್ರತಿ ಮಾರ್ಚಿನಲ್ಲಿ ಅದನ್ನೇ ಹೇಳುತ್ತಾಳೆ: "ಪಟ್ಟಿ ಬಿಡಬ್ಯಾಡಪಾ, ಪಟ್ಟಿ ಬಿಟ್ರ ಹೆಸರು ಹೋಗತೈತಿ." ನಾವು ಕಟ್ಟುವುದು ಮನೆಗಲ್ಲ, ಪಾವತಿಯ ಮೇಲಿನ ಅಪ್ಪನ ಹೆಸರಿಗೆ. ಕಂದಾಯದ ಪಾವತಿ, ಖಾತೆಯ ಉತಾರ (ನಕಲು) ಇವು ಮಾಲೀಕತ್ವದ ದಾಖಲೆಗಳೇ ಅಲ್ಲ ಅಂತ ಕೋರ್ಟುಗಳು ಎಷ್ಟು ಸಲ ಹೇಳಿವೆಯೋ! ಆದರೆ ಊರಲ್ಲಿ ನ್ಯಾಯ ಆಗುವುದು ಕಟ್ಟೆಯ ಮೇಲೆ, ಕೋರ್ಟಿನಲ್ಲಲ್ಲ. ಕಟ್ಟೆಯ ಮೇಲೆ ಪಾವತಿ ಇದ್ದವನೇ ಗೆಲ್ಲುವುದು.

ನನ್ನ ದೊಡ್ಡವ್ವನದು ಇನ್ನೂ ಕೆಟ್ಟ ಕಥೆ. 2009ರ ನೆರೆಯ ನಂತರ ಆಕೆಗೆ ಊರ ಹೊರಗೆ ಆಸರೆ ಮನೆ, ಅಂದರೆ ನೆರೆ ಸಂತ್ರಸ್ತರಿಗೆ ಸರ್ಕಾರ ಕೊಟ್ಟ ಮನೆ, ಬಂತು. ದನ ಕಟ್ಟಲು ಜಾಗವಿಲ್ಲ ಅಂತ ಬಹಳ ದಿನ ಹಳೆಯ ಮನೆಯಲ್ಲೇ ಇದ್ದಳು. 2019ರಲ್ಲಿ ಅದೂ ಬಿದ್ದ ಮೇಲೆ ಆಸರೆ ಮನೆಗೆ ಹೋದಳು. ಈಗ ಎರಡಕ್ಕೂ ಪಟ್ಟಿ ಕಟ್ಟುತ್ತಾಳೆ. ಹಳೆಯದರ ಪಟ್ಟಿ ಒಂದು ದಿನದ ಕಳೆ ಕೂಲಿಗಿಂತ ಹೆಚ್ಚು. ನನ್ನ ಹೋಟೆಲ್ ಬಿಲ್ಲಿನ ಲೆಕ್ಕ ಆಕೆಯ ಮುಂದೆ ಹೇಳಲು ನಾಚಿಕೆಯಾಗುತ್ತದೆ.

ಇಂಗ್ಲೆಂಡಿನಲ್ಲಿರುವ ನನ್ನ ತಂಗಿಯ ಮಗ ಇದನ್ನು ಕೇಳಿ ನಕ್ಕ. ಅಲ್ಲಿಯೂ ದೊಡ್ಡ ರಿಪೇರಿಯಲ್ಲಿರುವ ಮನೆಗೆ ಒಂದು ವರ್ಷ ತೆರಿಗೆ ವಿನಾಯಿತಿ ಇತ್ತಂತೆ. 2013ರ ಏಪ್ರಿಲಿನಲ್ಲಿ ಅದನ್ನು ತೆಗೆದು, ರಿಯಾಯಿತಿ ಕೊಡುವುದು ಬಿಡುವುದು ಸ್ಥಳೀಯ ಕೌನ್ಸಿಲಿಗೆ ಬಿಟ್ಟರು. ಮೇಲಾಗಿ ಬಹಳ ದಿನ ಖಾಲಿ ಬಿಟ್ಟರೆ ದುಪ್ಪಟ್ಟು ಹಾಕಬಹುದು. ಅಲ್ಲಿ ಮನೆಗಳಿಗೆ ಬರ, ಬೇಗ ರಿಪೇರಿ ಮಾಡಿ ವಾಸಕ್ಕೆ ಕೊಡಲಿ ಅನ್ನುವ ಒತ್ತಾಯ. ಒಪ್ಪಬಹುದು, ಒಪ್ಪದಿರಬಹುದು, ಒಂದು ಉದ್ದೇಶವಾದರೂ ಇದೆ. ನಮ್ಮೂರಿನಲ್ಲಿ ಯಾರ ಉದ್ದೇಶವೂ ಇಲ್ಲ. ಹಳೆಯ ಪುಸ್ತಕದಲ್ಲಿ ಇದ್ದದ್ದನ್ನು ಕಂಪ್ಯೂಟರಿಗೆ ಹಾಕಿದರು, ಕಂಪ್ಯೂಟರಿನಲ್ಲಿದ್ದದ್ದು ವರ್ಷಕ್ಕೊಮ್ಮೆ ಹೊರಗೆ ಬರುತ್ತದೆ.

ಆದರೂ ಹಟಕ್ಕೆ ಬಿದ್ದು ಅರ್ಜಿ ಕೊಟ್ಟಿದ್ದೇನೆ. ಮೊದಲು ವಾರಸಾ ಆಗಬೇಕಂತೆ, ಅಂದರೆ ಅಪ್ಪನ ಹೆಸರಿನಿಂದ ವಾರಸುದಾರರ ಹೆಸರಿಗೆ ಬದಲಾಗಬೇಕು, ಅದಕ್ಕೆ ಅಪ್ಪನ ಮರಣ ಪ್ರಮಾಣಪತ್ರ, ವಂಶವೃಕ್ಷ, ತಂಗಿಯ ಒಪ್ಪಿಗೆ. ಆಮೇಲೆ ಇ-ಸ್ವತ್ತು, ಪಂಚಾಯಿತಿ ಆಸ್ತಿಗಳ ಕಂಪ್ಯೂಟರ್ ದಾಖಲೆ. ಇದೆಲ್ಲಕ್ಕಿಂತ ಮೊದಲು ತೆರಿಗೆ ಬಾಕಿ ಇರಕೂಡದು. ಮನೆ ಇಲ್ಲ ಅಂತ ಬರೆಸಲು ಮನೆಯ ಪಟ್ಟಿ ಕಟ್ಟಬೇಕು, ಅದಕ್ಕೇ ಮೊನ್ನೆಯ 402.

ಅರ್ಜಿ ತಗೊಂಡವರು ಒಳ್ಳೆಯ ಮನುಷ್ಯರು, ಚಹಾ ತರಿಸಿದರು. ಸ್ವೀಕೃತಿಯ ಮೇಲೆ ಸೀಲು ಹಾಕಿ ಕೊಡುತ್ತಾ ಅಂದರು: "ಸ್ಥಳ ತನಿಖೆಗೆ ಬರತೇವ್ರಿ ಸರ. ಅವತ್ತ ಅಷ್ಟ ನೆನಪಿಲೆ ಕೀಲಿ ತಂದಿರ್ರಿ."

ತರುತ್ತೇನೆ ಅಂದೆ. ಅವ್ವನ ಕಪಾಟಿನಲ್ಲಿದೆ.