ಆರೋಪಿ ಅಪರಿಚಿತ, ಊರು ಭದ್ರಾವತಿ

ಬಿದನೂರು ನಗರದ ಕೋಟೆ ಹತ್ತಿ ನೋಡಿ. ಜಂಬಿಟ್ಟಿಗೆ ಗೋಡೆ, ಮಳೆಗಾಲ ಮುಗಿದು ಪಾಚಿ ಒಣಗಿತೆಂದರೆ ಬೈಕಿನ ಕೀ ಸಾಕು, ಚೆನ್ನಾಗಿ ಕೊರೆಯುತ್ತದೆ. ಕೊರೆಯುವವನಿಗೆ ಮುಚ್ಚುಮರೆಯೇನೂ ಇಲ್ಲ. ಹೆಸರು ರಾಜು, ಊರು ಭದ್ರಾವತಿ, ಇಸವಿ 2019, ಬಾಣ ಚುಚ್ಚಿದ ಒಂದು ಹಾರ್ಟು, ಅದರಾಚೆ ಹುಡುಗಿ ಹೆಸರು. ಕೆಲವರಂತೂ ಮೊಬೈಲ್ ನಂಬರನ್ನೂ ಬಿಟ್ಟು ಹೋಗುತ್ತಾರೆ. ಇಷ್ಟು ಸರಿಯಾದ ವಿವರ ನಮ್ಮ ರೇಷನ್ ಕಾರ್ಡಲ್ಲೂ ಇರುವುದಿಲ್ಲ. ಆದರೂ ಸುದ್ದಿ ಬರುವುದು 'ಅಪರಿಚಿತ ಕಿಡಿಗೇಡಿಗಳ ಕೃತ್ಯ' ಅಂತಲೇ!

ಹಾಗಂತ ಸರ್ಕಾರ ಸುಮ್ನೆ ಕೂತಿಲ್ಲ. ಸ್ಮಾರಕ ಕೆಡಿಸಿದವರಿಗೆ 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಯಲ್ಲಿ ಮೂರು ತಿಂಗಳು ಜೈಲು ಅಥವಾ 5,000 ರೂಪಾಯಿ ದಂಡ ಇತ್ತು. 2010ರಲ್ಲಿ ಅದನ್ನು ಎರಡು ವರ್ಷಕ್ಕೆ, ಒಂದು ಲಕ್ಷಕ್ಕೆ ಏರಿಸಿದರು. ಏರಿಸಿ, ಅದನ್ನು ಕಾಯಲು 'ಇದು ಸಂರಕ್ಷಿತ ಸ್ಮಾರಕ' ಎನ್ನುವ ನೀಲಿ ಬೋರ್ಡೊಂದನ್ನು ನೇಮಿಸಿದರು. ಸಂಬಳ ಇಲ್ಲ, ರಜೆ ಇಲ್ಲ. ನಮ್ಮ ಮಳೆಗೆ ಪಾಪ ಅದಕ್ಕೇ ತುಕ್ಕು ಹಿಡಿಯುತ್ತದೆ, ಉಳಿದ ಬಣ್ಣದ ಮೇಲೆ ಇನ್ನೊಬ್ಬ ಪ್ರೇಮಿ ಹಾರ್ಟು ಗೀಚುತ್ತಾನೆ. ಇನ್ನು ಏಪ್ರಿಲ್ 18, ವಿಶ್ವ ಪರಂಪರೆ ದಿನ. ಬಿಸಿಲಲ್ಲಿ ಮಕ್ಕಳ ಜಾಥಾ, ಭಾಷಣ, ಬಿಸ್ಕತ್ತು. 'ಸ್ಮಾರಕ ಉಳಿಸಿ' ಅಂತ ಫ್ಲೆಕ್ಸು, ಅದರಲ್ಲಿ ಸ್ಮಾರಕಕ್ಕಿಂತ ದೊಡ್ಡದಾಗಿ ಗಣ್ಯರ ಮುಖ. ಅದನ್ನು ಎಲ್ಲಿಗೆ ಕಟ್ಟುತ್ತಾರೆ ಅಂತ ಕೇಳಬೇಡಿ, ಹಗ್ಗ ಬಿಗಿಯಲು ಕಲ್ಲಿನ ಕಂಬದಷ್ಟು ಗಟ್ಟಿ ಜಾಗ ಬೇರೆ ಎಲ್ಲಿದೆ?

ಹಿಂದಿನವರು ಜಾಣರು. ಬಳ್ಳಿಗಾವಿ ಕಡೆ ಹೋದರೆ ಶಾಸನಗಳಿಗೆ ಬರವಿಲ್ಲ. ಆ ಕಾಲದ ದಾನಶಾಸನಗಳು ಸಾಮಾನ್ಯವಾಗಿ ಶಾಪದಲ್ಲೇ ಮುಗಿಯೋದು: ಈ ಧರ್ಮವನ್ನು ಕೆಡಿಸಿದವನಿಗೆ ವಾರಣಾಸಿಯಲ್ಲಿ ಸಾವಿರ ಕವಿಲೆ ಹಸು ಕೊಂದ ಪಾಪ, ಕೊಟ್ಟ ಭೂಮಿ ಕಿತ್ತುಕೊಂಡವನಿಗೆ ಅರವತ್ತು ಸಾವಿರ ವರ್ಷ ಹೇಲಿನಲ್ಲಿ ಹುಳುವಾಗಿ ಹುಟ್ಟು. ಜಾಮೀನಿಲ್ಲ, ಅಪೀಲಿಲ್ಲ. (ಭೂಮಿಯ ಮಾತನ್ನು ಇವತ್ತು ಜಾರಿಗೆ ತಂದರೆ ಮಲೆನಾಡಿನಲ್ಲಿ ಎಷ್ಟು ಮಂದಿ ಹುಳ ಆಗಬೇಕಾದೀತು, ಆ ಲೆಕ್ಕ ಬೇಡ ಬಿಡಿ.)

ಆ ಎರಡು ಸಾಲನ್ನೇ ನೀಲಿ ಬೋರ್ಡಿಗೂ ಬರೆಸಬಹುದಲ್ವಾ ಅಂತ ನನ್ನ ಸಲಹೆ. ಖರ್ಚು ಜಾಸ್ತಿ ಇಲ್ಲ, ಒಂದು ಡಬ್ಬಿ ಬಿಳಿ ಬಣ್ಣ. ತೊಡಕು ಒಂದೇ. ಸಾವಿರ ಕವಿಲೆಗೆ ಒಟ್ಟು ದಂಡ ಎಷ್ಟು, ರಸೀದಿ ಯಾವ ಇಲಾಖೆ ಹರಿಯಬೇಕು, ಅರವತ್ತು ಸಾವಿರ ವರ್ಷದಲ್ಲಿ ಸನ್ನಡತೆಯ ಹುಳುವಿಗೆ ಎಷ್ಟು ರಿಯಾಯಿತಿ, ಇದಕ್ಕೆಲ್ಲ ಬೆಂಗಳೂರಿನಿಂದ ಸುತ್ತೋಲೆ ಬರಬೇಕು.