ಹೂವೊಂದನ್ನು ಬಿಟ್ಟು

ನಿವೃತ್ತರಾಗುವವರಿಗೆ ಮೈಸೂರಿನಲ್ಲಿ ಹಾರ, ಶಾಲು, ಹಣ್ಣಿನ ಬುಟ್ಟಿಗಳ ಜೊತೆಗೆ ತಪ್ಪದೆ ಸಿಗುವ ಇನ್ನೊಂದು ಉಡುಗೊರೆಯೆಂದರೆ ಉಪದೇಶ. ‘ಇನ್ನೇನು ಮೇಡಂ, ಒಂದು ಕೈತೋಟ ಮಾಡಿಕೊಳ್ಳಿ, ಚಿತ್ರ ಬರೆಯಿರಿ, ಪ್ರಕೃತಿಯ ಮಡಿಲಲ್ಲಿ ಮನಸ್ಸಿಗೆ ನೆಮ್ಮದಿ ಸಿಗುತ್ತದೆ’ ಎಂದು ನನ್ನ ಬೀಳ್ಕೊಡುಗೆಯ ದಿನ ವೇದಿಕೆಯ ಮೇಲಿದ್ದವರೆಲ್ಲರೂ ಸರದಿಯಂತೆ ಹೇಳಿದರು. ಹಾಗೆ ಹೇಳಿದವರಲ್ಲಿ ಒಬ್ಬರ ಮನೆಯಲ್ಲಿಯೂ ತುಳಸಿಕಟ್ಟೆಯ ಹೊರತು ಬೇರೆ ಹಸಿರಿಲ್ಲವೆಂಬುದು ಆಮೇಲೆ ಗೊತ್ತಾಯಿತು.

ಗಿಡಗಳ ಮತ್ತು ಬಣ್ಣಗಳ ಸಹವಾಸದಲ್ಲಿ ನೆಮ್ಮದಿಯಿಲ್ಲವೆಂದು ನಾನು ಹೇಳುತ್ತಿಲ್ಲ. ಇದೆ, ಆದರೆ ಅದು ವೇದಿಕೆಯವರು ಹೇಳಿದ ದಾರಿಯಿಂದ ಬರುವುದಿಲ್ಲ. ದಾಸವಾಳದ ಕುಡಿಗೆಲ್ಲ ಹಿಟ್ಟು ತಿಗಣೆ ಮುತ್ತಿಕೊಂಡಿರುವ ಬೆಳಿಗ್ಗೆ, ಬೇವಿನೆಣ್ಣೆಗೆ ಸೋಪಿನ ನೀರು ಬೆರೆಸುತ್ತಾ ಕುಳಿತವಳಿಗೆ ಮಗಳ ಮನೆಯ ಸಾಲ, ತನ್ನ ಮಂಡಿನೋವು, ಎಲ್ಲೋ ಸಿಕ್ಕಿಕೊಂಡಿರುವ ಪಿಂಚಣಿಯ ಕಡತ ಇವ್ಯಾವುವೂ ನೆನಪಿಗೆ ಬರುವುದಿಲ್ಲ. ಸಿಟಿ ಬಸ್ಸಿನ ಸೀಟಿಗೆ ಕಿಟಕಿಯಿಂದಲೇ ಕರ್ಚೀಫು ಹಾಕುವವರಂತೆ ಚಿಕ್ಕ ಚಿಂತೆಗಳು ಮೊದಲೇ ಬಂದು ಜಾಗ ಹಿಡಿದಿರುತ್ತವೆ. ದೊಡ್ಡವು ಎಷ್ಟು ದೂರದಿಂದ ಬಂದಿದ್ದರೂ ನಿಂತೇ ಇರಬೇಕು.

ನಮ್ಮದು ಕುವೆಂಪುನಗರದ 30×40ರ ನಿವೇಶನ. ಮನೆ ಕಟ್ಟಿ ಮಿಕ್ಕಿದ್ದು ಮುಂದೊಂದು ಪಟ್ಟಿ ಮಣ್ಣು, ಪಕ್ಕದಲ್ಲೊಂದು ಓಣಿ, ತಲೆಯ ಮೇಲೊಂದು ತಾರಸಿ. ಜೀವಮಾನವೆಲ್ಲ ಪ್ರೌಢಶಾಲೆಯಲ್ಲಿ ಗಣಿತ ಕಲಿಸಿದ ನನಗೆ ಯೋಜನೆಯಿಲ್ಲದೆ ಗುಂಡಿ ತೋಡುವುದು ಒಗ್ಗದ ಕೆಲಸ. ಜರ್ಮನಿಯಲ್ಲಿ ಹುಟ್ಟಿ, ಮೈಸೂರು ಸಂಸ್ಥಾನದ ತೋಟಗಾರಿಕೆಯನ್ನು ನೋಡಿಕೊಂಡು, ಬೆಂಗಳೂರಿನ ಮಣ್ಣಿನಲ್ಲಿಯೇ ಕಣ್ಣುಮುಚ್ಚಿದ ಕ್ರುಂಬಿಗಲ್ ಅವರು, ಒಂದು ಜಾತಿಯ ಮರದ ಹೂ ಉದುರುವ ಹೊತ್ತಿಗೆ ಮತ್ತೊಂದು ಜಾತಿಯದು ಅರಳುವಂತೆ ಆರಿಸಿ ಬೆಂಗಳೂರಿನ ಬೀದಿಗಳಲ್ಲಿ ಮರಗಳನ್ನು ನೆಡಿಸಿದರೆಂದು ಓದಿದ್ದೆ. ಅವರು ಊರಿಗೆ ಮಾಡಿದ್ದನ್ನು ನಾನು ಓಣಿಗೆ ಮಾಡಬಾರದೇಕೆ? ಚೈತ್ರಕ್ಕೆ ಮಲ್ಲಿಗೆ, ಮಳೆಗಾಲಕ್ಕೆ ಬ್ರಹ್ಮಕಮಲ, ನವರಾತ್ರಿಗೆ ಪಾರಿಜಾತ, ಮಾಗಿಗೆ ಸೇವಂತಿಗೆ ಎಂದು ಗ್ರಾಫ್ ಹಾಳೆಯ ಮೇಲೆ ಗುರುತು ಹಾಕಿದೆ. ತಿಂಗಳಿಗೊಂದು ಜಲವರ್ಣ ಚಿತ್ರ ಬರೆದರೆ ವರ್ಷದ ಕೊನೆಗೆ ಕ್ಯಾಲೆಂಡರ್ ಅಚ್ಚು ಹಾಕಿಸಿ ನೆಂಟರಿಗೆಲ್ಲ ಹಂಚಬಹುದೆಂದು ಸೂಚಿಸಿದವರು ನಮ್ಮ ಯಜಮಾನರು. ಅವರು ವಿಮಾ ಕಚೇರಿಯಲ್ಲಿದ್ದವರು. ಕ್ಯಾಲೆಂಡರ್ ಹಂಚದೆ ಅವರಿಗೆ ಹೊಸ ವರ್ಷ ಬರುವುದಿಲ್ಲ.

ಮೊದಲ ಚಿತ್ರ ಮಲ್ಲಿಗೆಯದಾಗಬೇಕಿತ್ತು. ಮೈಸೂರು ಮಲ್ಲಿಗೆಗೆ ಭೌಗೋಳಿಕ ಸೂಚಿಯ ಮಾನ್ಯತೆ ಇದೆಯೆಂಬ ಗೌರವವನ್ನೇನೂ ತೋರದೆ ನಮ್ಮ ಮಾಲಿ ಪುಷ್ಯ ಮಾಸದಲ್ಲಿಯೇ ಗಿಡವನ್ನು ಮೊಣಕಾಲೆತ್ತರಕ್ಕೆ ಸವರಿ ಹಾಕಿದ್ದ. ‘ಹಳೇ ಕಡ್ಡೀಲಿ ಏನ್ ಬಿಡುತ್ತೆ ಅಮ್ಮಾವ್ರೇ, ಹೊಸ ಚಿಗುರು ಬಂದ್ರೆ ತಾನೇ ಮೊಗ್ಗು’ ಎಂದ ಅವನ ಮಾತು ಯುಗಾದಿಯ ಹೊತ್ತಿಗೆ ನಿಜವಾಗಿ, ಚಿಗುರು ಚಿಗುರಿಗೂ ಮೊಗ್ಗು ಬಂತು. ಆದರೆ ಬೇಸಿಗೆಯ ಮೈಸೂರಿನಲ್ಲಿ ಜಲವರ್ಣವೆಂಬುದು ಓಟದ ಪಂದ್ಯ. ಹಾಳೆಯ ಎಡತುದಿಯಿಂದ ತೆಳುಬಣ್ಣ ಎಳೆದು ಬಲತುದಿಯನ್ನು ಮುಟ್ಟುವಷ್ಟರಲ್ಲಿ ಎಡಗಡೆಯದು ಒಣಗಿ ಗೆರೆಯಾಗಿರುತ್ತದೆ. ಸಂಜೆ ತಂಪಿನಲ್ಲಿ ಮುಂದುವರಿಸೋಣವೆಂದು ಬಿಟ್ಟುಹೋದವಳು ತಿರುಗಿ ಬಂದು ನೋಡಿದರೆ ಗಿಡದಲ್ಲಿ ಒಂದು ಮೊಗ್ಗೂ ಇಲ್ಲ. ರಜೆಗೆಂದು ಬಂದಿದ್ದ ನಾದಿನಿ ಅಷ್ಟನ್ನೂ ಬಿಡಿಸಿ, ನಡುಮನೆಯಲ್ಲಿ ಕಾಲು ಚಾಚಿ ಕುಳಿತು, ಮೊಮ್ಮಗಳಿಗೆ ಮೊಗ್ಗಿನ ಜಡೆ ಹೆಣೆಯುತ್ತಿದ್ದಳು. ಬೇಸಿಗೆ ರಜೆಯಲ್ಲಿ ಮೊಗ್ಗಿನ ಜಡೆ ಹಾಕಿಸಿಕೊಂಡು, ಹಿಂದೊಂದು ಕನ್ನಡಿಯಿಟ್ಟು ಫೋಟೊ ತೆಗೆಸಿಕೊಳ್ಳದ ಹೆಣ್ಣುಮಗು ಈ ಸೀಮೆಯಲ್ಲಿ ಬೆಳೆದಂತೆಯೇ ಅಲ್ಲವಾದ್ದರಿಂದ ನಾನು ಮಾತಾಡುವಂತಿರಲಿಲ್ಲ. ಹೀಗಾಗಿ ಚೈತ್ರದ ಚಿತ್ರದಲ್ಲಿ ಮಲ್ಲಿಗೆಯ ಬದಲು ಒಂದು ಮಗುವಿನ ಬೆನ್ನಿದೆ.

ಆಷಾಢದಲ್ಲಿ ಇದರ ತದ್ವಿರುದ್ಧ. ಜಿಟಿಜಿಟಿ ಮಳೆಯ ತಂಪಿನಲ್ಲಿ ಬಳಿದ ಬಣ್ಣ ಒಣಗುವುದೇ ಇಲ್ಲ. ತಲೆಗೆ ಮೋಡ ಸುತ್ತಿಕೊಂಡ ಚಾಮುಂಡಿ ಬೆಟ್ಟವನ್ನು ತಾರಸಿಯಿಂದ ನೋಡಿ ಬರೆದು, ಹಲಗೆಯ ಸಮೇತ ವರಾಂಡದಲ್ಲಿ ಒಣಗಲಿಟ್ಟಿದ್ದೆ. ಬೆಳಗಾಗುವುದರೊಳಗೆ ಬಸವನಹುಳುವೊಂದು ಬೆಟ್ಟದ ತಪ್ಪಲನ್ನು ಮೂಲೆಯಿಂದ ಅಚ್ಚುಕಟ್ಟಾಗಿ ಕೆರೆದು ತಿಂದು, ಆಕಾಶದ ಉದ್ದಕ್ಕೂ ಹರಿದು, ಮಿರುಗುವ ಬಿಳಿ ಗೆರೆಯೊಂದನ್ನು ಬಿಟ್ಟುಹೋಗಿತ್ತು. ಬಸವನಹುಳುಗಳಿಗೆ ಕಾಗದ ರುಚಿಸುತ್ತದೆಂಬುದು ಅಂದಿನವರೆಗೆ ನನಗೆ ತಿಳಿದಿರಲಿಲ್ಲ. ಎಲೆಕೋಸನ್ನು ಬಿಟ್ಟು ದುಬಾರಿ ಕಾಗದವನ್ನೇ ಆರಿಸಿಕೊಂಡಿದ್ದರಿಂದ ಅದಕ್ಕೆ ಅಭಿರುಚಿಯೂ ಇದೆಯೆಂದು ಒಪ್ಪಬೇಕಾಯಿತು. ಚಿತ್ರಕಲಾ ಶಾಲೆಯಲ್ಲಿ ಓದುತ್ತಿರುವ ನನ್ನ ತಂಗಿಯ ಮಗ ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ, ಆ ಮಿರುಗು ಗೆರೆಯ ಮೇಲೆ ಬೆರಳಿಟ್ಟು, ‘ದೊಡ್ಡಮ್ಮ, ಇಲ್ಲಿ ಮಾತ್ರ ನಿಮ್ಮ ಕೈ ಬಿಗಿಯಿಲ್ಲದೆ ಓಡಿದೆ’ ಎಂದ. ಒದ್ದೆ ಗೋಣಿಚೀಲದ ಕೆಳಗೆ ಪರಂಗಿ ಎಲೆ ಹಾಕಿಟ್ಟರೆ ರಾತ್ರಿ ಹುಳುಗಳೆಲ್ಲ ಅಲ್ಲಿ ಬಂದು ಸೇರುತ್ತವೆಂದೂ ಬೆಳಿಗ್ಗೆ ಹೆಕ್ಕಿ ತೆಗೆಯಬಹುದೆಂದೂ ಮಾಲಿ ಹೇಳಿಕೊಟ್ಟ. ಹೆಕ್ಕುವಾಗಲೆಲ್ಲ ಇವುಗಳಲ್ಲಿ ಆ ಕಲಾವಿದ ಯಾರಿರಬಹುದೆಂದು ಒಂದು ಕ್ಷಣ ಯೋಚಿಸುತ್ತೇನೆ.

ಇನ್ನು ಬ್ರಹ್ಮಕಮಲದ ವಿಷಯ. ಎಲೆಯೊಂದನ್ನು ಮಣ್ಣಿಗೆ ಚುಚ್ಚಿದರೆ ಬದುಕಿಕೊಳ್ಳುವ ಈ ಗಿಡ ವರ್ಷವೆಲ್ಲ ನೋಡಲು ಇಷ್ಟೇನೇ ಎನ್ನಿಸುವಂತಿರುತ್ತದೆ. ಮಳೆ ಹಿಡಿದ ಮೇಲೆ ಎಲೆಯ ಅಂಚಿನಿಂದ ಕೆಂಬಣ್ಣದ ಕೊಳವೆಯಂತೆ ಮೊಗ್ಗು ಇಳಿಬೀಳುತ್ತದೆ. ಅರಳುವ ದಿನ ಹತ್ತಿರವಾದಂತೆ ಜೋತುಬಿದ್ದ ಆ ಕತ್ತು ಮೆಲ್ಲಗೆ ಬಾಗಿ ಮೇಲೆದ್ದು ನಿಲ್ಲುತ್ತದೆ. ರಾತ್ರಿ ಎಂಟು ಒಂಬತ್ತಕ್ಕೆ ಬಿಚ್ಚತೊಡಗಿ, ನಡುರಾತ್ರಿಗೆ ಊಟದ ತಟ್ಟೆಯಗಲಕ್ಕೆ ಅರಳಿ, ಬೆಳಗಿನೊಳಗೆ ಸೋತು ಜೋಲುತ್ತದೆ. ಮಾದರಿಯಾಗಿ ಕೂರುವವರು ಇಷ್ಟೇ ಹೊತ್ತು ಕೊಟ್ಟರೆ ಚಿತ್ರ ಬರೆಯುವವರು ಸಿದ್ಧತೆಯಲ್ಲಿರಬೇಕಾಗುತ್ತದೆ. ನಾನು ಸಂಜೆಯೇ ಅಡುಗೆ ಮುಗಿಸಿ, ಹಾಳೆಯನ್ನು ಹಲಗೆಗೆ ಅಂಟಿಸಿ, ನೀರಿನ ಲೋಟ, ಕುಂಚ, ಮೇಜುದೀಪಗಳೊಡನೆ ಕುಂಡದ ಎದುರಿಗೆ ಆಸನ ಹಾಕಿಕೊಂಡೆ. ಅತ್ತ ಯಜಮಾನರು ನಮ್ಮ ಬೀದಿಯ ವಾಟ್ಸಾಪ್ ಗುಂಪಿಗೆ, ‘ಇಂದು ರಾತ್ರಿ ನಮ್ಮ ಮನೆಯಲ್ಲಿ ಬ್ರಹ್ಮಕಮಲ ಅರಳಲಿದೆ, ಸಕುಟುಂಬರಾಗಿ ಬನ್ನಿ’ ಎಂದು ಲಗ್ನಪತ್ರಿಕೆಯ ಒಕ್ಕಣೆಯಲ್ಲಿ ಬರೆದುಬಿಟ್ಟಿದ್ದರು.

ಸಕುಟುಂಬರಾಗಿಯೇ ಬಂದರು. ಬಂದವರಿಗೆ ಕಾಫಿಯಾಗಬೇಕು, ಹೆಂಗಸರಿಗೆ ಅರಿಶಿನ ಕುಂಕುಮವಾಗಬೇಕು, ಹೂವಿಗೆ ಆರತಿಯಾಗುವುದರಿಂದ ನೈವೇದ್ಯಕ್ಕೆ ಸಜ್ಜಿಗೆಯಾಗಬೇಕು. ಕುಂಚ ಹಿಡಿದು ಕುಳಿತವಳು ರವೆ ಹುರಿಯಲು ಎದ್ದೆ. ಸಸ್ಯಶಾಸ್ತ್ರ ಕಲಿಸಿ ನಿವೃತ್ತರಾದ ಹಿಂದಿನ ರಸ್ತೆಯ ರಾಯರು, ಇದು ಕಳ್ಳಿಯ ಕುಟುಂಬಕ್ಕೆ ಸೇರಿದ, ಮೆಕ್ಸಿಕೊ ಕಡೆಯಿಂದ ಬಂದ ಗಿಡವೆಂದೂ ನಿಜವಾದ ಬ್ರಹ್ಮಕಮಲವು ಹಿಮಾಲಯದ ಎತ್ತರದಲ್ಲಿ ಬೆಳೆಯುವ ಬೇರೆಯದೇ ಸಸ್ಯವೆಂದೂ ವಿವರಿಸತೊಡಗಿದರು. ಅವರು ಹೇಳಿದ್ದು ಅಕ್ಷರಶಃ ಸರಿ. ಎದುರುಮನೆಯ ಅಜ್ಜಿ ಮಾತ್ರ ಹೂಬತ್ತಿಯನ್ನು ತುಪ್ಪದಲ್ಲಿ ಅದ್ದುತ್ತಲೇ, ‘ಎಲ್ಲಿಂದ ಬಂದ್ರೇನಪ್ಪಾ, ಮೈಸೂರಿಗೆ ಬಂದು ಸೇರಿದ ಮೇಲೆ ನಮ್ಮದೇ’ ಎಂದು ಆ ಚರ್ಚೆಗೆ ಮಂಗಳ ಹಾಡಿ, ಹಿಂದೆಯೇ ನಿಜವಾದ ಮಂಗಳಾರತಿಯನ್ನೂ ಹಾಡಿದರು.

ಗದ್ದಲ ಸ್ವಲ್ಪ ಇಳಿದ ಮೇಲೆ ನಾನು ಮತ್ತೆ ಹಾಳೆಗೆ ಮರಳಿದೆ. ಜಲವರ್ಣದ ಒಂದು ಪೇಚನ್ನು ಇಲ್ಲಿ ಹೇಳಬೇಕು: ಇದರಲ್ಲಿ ಬಿಳಿಯನ್ನು ಬಳಿಯುವುದಿಲ್ಲ, ಬಿಡುತ್ತಾರೆ. ಹಾಳೆಯ ಬಿಳುಪೇ ಹೂವಿನ ಬಿಳುಪು. ಬಣ್ಣ ತುಂಬುವುದು ಅದರ ಸುತ್ತಲಿನ ಕತ್ತಲೆಗೆ. ಜಗನ್ಮೋಹನ ಅರಮನೆಯ ಸಂಗ್ರಹದಲ್ಲಿರುವ, ಬಹಳ ಮಂದಿ ರವಿವರ್ಮನದೆಂದೇ ನಂಬಿರುವ, ಎಸ್. ಎಲ್. ಹಲ್ದಂಕರ್ ಅವರ ದೀಪ ಹಿಡಿದ ಹೆಣ್ಣುಮಗಳ ಚಿತ್ರವೂ ಜಲವರ್ಣವೇ. ಆಕೆಯ ಬೆರಳ ಸಂದುಗಳಲ್ಲಿ ಸೋಸಿ ಬರುವ ಬೆಳಕು ಅಷ್ಟು ಬೆಳಗುವುದು ಹಿಂದಿನ ಕತ್ತಲೆಯನ್ನು ಅವರು ಅಷ್ಟು ತಾಳ್ಮೆಯಿಂದ ತುಂಬಿದ್ದರಿಂದ. ನಾನೂ ನನ್ನ ಯೋಗ್ಯತೆಗೆ ತಕ್ಕಷ್ಟು ತಾಳ್ಮೆಯಿಂದ ಕಡುನೀಲಿಯನ್ನು ಎಸಳಿನ ತುದಿತುದಿಯವರೆಗೂ ತಂದು ನಿಲ್ಲಿಸುತ್ತಾ, ಹೂವಿನ ಜಾಗವನ್ನು ಉಸಿರು ಬಿಗಿಹಿಡಿದು ಕಾಪಾಡಿಕೊಳ್ಳುತ್ತಿದ್ದೆ. ಬೆನ್ನ ಹಿಂದೆ ಬಂದು ನಿಂತ ಅಜ್ಜಿ ಕನ್ನಡಕ ಸರಿಪಡಿಸಿಕೊಂಡು ನೋಡಿ, ‘ಏನಮ್ಮಾ, ಕುಂಡ ಬರೆದಿದ್ದೀಯ, ಎಲೆ ಬರೆದಿದ್ದೀಯ, ಗೋಡೆ ಕೂಡ ಬರೆದಿದ್ದೀಯ. ಎಲ್ಲಾ ಆಯ್ತು, ಹೂವೊಂದನ್ನು ಬಿಟ್ಟು!’ ಎಂದರು.

ಬಿಟ್ಟಿರುವುದೇ ಹೂವೆಂದು ನಾನು ಸಾಕಷ್ಟು ವಿಸ್ತಾರವಾಗಿಯೇ ವಿವರಿಸಿದೆ. ಅಜ್ಜಿಗೆ ಅರ್ಥವಾಯಿತು; ಅರ್ಥವಾದ್ದರಿಂದಲೇ ಮುಂದಿನ ಅನಾಹುತ ಆದದ್ದು. ‘ಹಾಗಾದ್ರೆ ಇದೂ ದೇವರೇ ತಾನೇ’ ಎಂದವರೇ, ಕೈಯಲ್ಲಿದ್ದ ಬಟ್ಟಲಿನಿಂದ ಕುಂಕುಮ ತೆಗೆದು, ನಾನು ಅಷ್ಟು ಹೊತ್ತು ಜತನ ಮಾಡಿದ್ದ ಬಿಳುಪಿನ ನಟ್ಟನಡುವೆ ಒಂದು ಬೊಟ್ಟಿಟ್ಟು ಕೈಮುಗಿದರು. ಹಾಳೆ ಇನ್ನೂ ಒದ್ದೆಯಿತ್ತು. ಕುಂಕುಮ ಮೊದಲು ಚುಕ್ಕಿಯಾಗಿ, ಆಮೇಲೆ ಚಕ್ರವಾಗಿ, ಕೊನೆಗೆ ಎಸಳಿಂದೆಸಳಿಗೆ ಹರಿದು, ಮೆಕ್ಸಿಕೊದಲ್ಲಾಗಲೀ ಹಿಮಾಲಯದಲ್ಲಾಗಲೀ ಎಂದೂ ಅರಳಿರದ ಗುಲಾಬಿ ಬಣ್ಣದ ಬ್ರಹ್ಮಕಮಲವೊಂದು ನನ್ನ ಕಣ್ಣೆದುರಿಗೇ ಅರಳಿತು. ನೆರೆದವರೆಲ್ಲ ‘ಈಗ ಹೂವು ಕಾಣಿಸ್ತಿದೆ ನೋಡಿ’ ಎಂದು ಸಂತೋಷಪಟ್ಟರು. ಆ ಚಿತ್ರ ಈಗ ಅಜ್ಜಿಯ ದೇವರಮನೆಯಲ್ಲಿದೆ. ನಾನು ಬರೆದವುಗಳಲ್ಲಿ ಪ್ರತಿನಿತ್ಯ ಊದುಬತ್ತಿ ಹಚ್ಚಿಸಿಕೊಳ್ಳುತ್ತಿರುವುದು ಅದೊಂದೇ.

ದಸರೆಯ ದಿನಗಳಲ್ಲಿ ಊರಿನವರೆಲ್ಲ ಕುಪ್ಪಣ್ಣ ಪಾರ್ಕಿನ ಫಲಪುಷ್ಪ ಪ್ರದರ್ಶನಕ್ಕೆ ಹೋಗುತ್ತಾರೆ. ನಾನು ನಸುಕಿನಲ್ಲಿ ಎದ್ದು ಗೇಟು ಕಾಯುತ್ತೇನೆ. ಮೈಸೂರಿನ ಬಡಾವಣೆಗಳಲ್ಲಿ ಬೆಳಗಿನ ವಾಯುವಿಹಾರಕ್ಕೂ ಪರರ ಹೂ ಬಿಡಿಸುವುದಕ್ಕೂ ನಡುವೆ ಗೆರೆಯೆಳೆಯುವುದು ಕಷ್ಟ. ಕಾಲಿಗೆ ಬಿಳಿ ಬೂಟು, ಕಿವಿಗೆ ಮಂಕಿ ಕ್ಯಾಪು, ಒಂದು ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಇನ್ನೊಂದರಲ್ಲಿ ತುದಿಗೆ ಕೊಕ್ಕೆ ಕಟ್ಟಿದ ದೋಟಿ: ಈ ವೇಷದ ಹಿರಿಯರೊಬ್ಬರು ನಮ್ಮ ಕಾಂಪೌಂಡಿನಾಚೆಯಿಂದಲೇ ಕಣಗಿಲೆ, ನಂದಿಬಟ್ಟಲು, ದಾಸವಾಳಗಳನ್ನು ಒಂದೊಂದಾಗಿ ಇಳಿಸಿಕೊಳ್ಳುವ ಕೌಶಲ ನೋಡುವಂಥದ್ದು. ‘ಏನ್ ಸಾರ್ ಇದು’ ಎಂದರೆ, ‘ದೇವರಿಗೆ ತಾನೇ ಅಮ್ಮಾ, ಅರ್ಧ ಪುಣ್ಯ ನಿಮಗೂ ಬರುತ್ತೆ’ ಎನ್ನುತ್ತಾರೆ. ಇನ್ನರ್ಧಕ್ಕೆ ನಾನು ಗೊಬ್ಬರ ಹಾಕಿದ್ದೇನೆ.

ಪಾರಿಜಾತಕ್ಕಾದರೂ ಅವರ ಕಾಟವಿರಲಾರದೆಂದು ಎಣಿಸಿದ್ದೆ, ಏಕೆಂದರೆ ರಾತ್ರಿ ಅರಳಿ ಬೆಳಗಿನ ಜಾವಕ್ಕೆ ತಾನಾಗಿಯೇ ಉದುರುವ ಹೂವದು. ಕಿತ್ತಳೆ ಬಣ್ಣದ ತೊಟ್ಟು ಮೇಲಾಗಿ, ಬಿಳಿಯೆಸಳು ಕೆಳಗಾಗಿ ಮಣ್ಣಿನ ಮೇಲೆ ಹಾಸಿಕೊಂಡಿರುವ ಹೂಗಳನ್ನು ಬಿದ್ದಲ್ಲಿಯೇ ಬರೆಯಬೇಕೆಂಬುದು ನನ್ನ ಆಸೆ. ಆದರೆ ಬಿದ್ದ ಮೇಲೂ ಪೂಜೆಗೆ ಸಲ್ಲುವ ಹೂವು ಇದೆಂಬುದು ನನಗಿಂತ ಚೆನ್ನಾಗಿ ಅವರಿಗೆ ಗೊತ್ತು. ಒಂದು ಮುಂಜಾನೆ ನಾನು ಕುಂಚದೊಡನೆ ಬಾಗಿಲು ತೆರೆದಾಗ ಅವರು ಗೇಟಿನ ಸಂದಿಯಿಂದ ಒಳಗೆ ಕೈಚಾಚಿ, ಬಾಗಿ ಕುಳಿತು, ನನ್ನ ಚಿತ್ರದ ವಸ್ತುವನ್ನು ಎಡತುದಿಯಿಂದ ಆಯುತ್ತಾ ಬರುತ್ತಿದ್ದರು. ‘ಬಲಗಡೆಯವನ್ನಾದರೂ ಬಿಡಿ ಸಾರ್’ ಎಂದು ಕೇಳಿಕೊಂಡು, ಅವರು ಆಯ್ದು ಮುಗಿಸುವುದಕ್ಕೆ ಮುಂಚೆ ನಾನು ಬರೆದು ಮುಗಿಸಿದೆ. ನನ್ನ ಗೆರೆಗಳಲ್ಲಿ ಇಷ್ಟೊಂದು ಚುರುಕು ಹಿಂದೆಂದೂ ಕಂಡಿರಲಿಲ್ಲ.

ಮಾಗಿಯ ಬಗ್ಗೆ ಹೆಚ್ಚು ಹೇಳುವುದೇನೂ ಇಲ್ಲ. ಸೇವಂತಿಗೆಗೆ ಹೇನು ಹತ್ತಿತು, ಚಿತ್ರದ ಮೇಜನ್ನು ಸೊಗಡವರೆ ಆಕ್ರಮಿಸಿತು. ಕಾಯಿ ಬಿಡಿಸಿ, ಕಾಳು ನೆನೆಹಾಕಿ, ಹಿದುಕುವ ಮನೆಯಲ್ಲಿ ಕಲೆಗೆ ಬಿಡುವಿರುವುದಿಲ್ಲ, ಇರಲೂಬಾರದು.

ಶಿವರಾತ್ರಿ ಕಳೆದ ಮೇಲೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಹೊರಟೆವು. ಅಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಊರ ನಡುವಿನ ಹುಣಸೆ, ಆಲದ ಜಾತಿಯ ಮರಗಳಲ್ಲಿ, ಮನೆಗಳ ಸೂರಿನ ಮೇಲೆಯೇ ಎನ್ನುವಂತೆ ಗೂಡು ಕಟ್ಟಿ ಮರಿಮಾಡುತ್ತವೆ. ಪ್ಲೇಗಿಗೆ ಹೆದರಿ ಶಿಂಷಾ ದಡದಿಂದ ಊರು ಎದ್ದು ಬಂದಾಗ ಹಕ್ಕಿಗಳೂ ಜನರ ಹಿಂದೆಯೇ ಬಂದವೆಂದು ಹೇಳುತ್ತಾರೆ. ಜಗಲಿಯೊಂದರ ಮೇಲೆ ಕುಳಿತು ಬರೆಯುತ್ತಿದ್ದವಳಿಗೆ ಹೆಜ್ಜಾರ್ಲೆಯ ಕೊಕ್ಕಿನ ಕೆಳಗಿನ ಚೀಲದ ಬಾಗು ಅಪರೂಪಕ್ಕೆ ಸರಿಯಾಗಿ ಒದಗಿಬಂದಿತ್ತು. ಇನ್ನೊಂದು ಎಳೆ ಎಳೆಯುವಷ್ಟರಲ್ಲಿ ಮೇಲಿನ ಕೊಂಬೆಯಿಂದ ಬಿದ್ದದ್ದು ಹಕ್ಕಿಯನ್ನೂ ಮರವನ್ನೂ ಜಗಲಿಯಂಚಿನಲ್ಲಿದ್ದ ನನ್ನ ಸೆರಗನ್ನೂ ಒಟ್ಟಿಗೆ ಮುಚ್ಚಿತು. ಮನೆಯ ಯಜಮಾನಿ ನೀರಿನ ಚೊಂಬು ತಂದುಕೊಟ್ಟು, ‘ಅಳ್ಬ್ಯಾಡಿ ಕಣವ್ವ, ಇದೇ ನಮ್ ಹೊಲಕ್ಕೆ ಗೊಬ್ಬರ. ಮರದಡಿ ಗುಂಡಿ ತೋಡಿ, ಹಿಕ್ಕೆ ಮಣ್ಣು ತುಂಬ್ಕೊಂಡು ಹೊಲಕ್ಕೆ ಹೊಡೀತಿದ್ರು ನಮ್ಮಾವ’ ಎಂದಳು. ಸೆರಗು ತೊಳೆಯುತ್ತಿದ್ದ ನನ್ನ ಕೈ ನಿಂತಿತು. ದಾಸವಾಳ, ಮಲ್ಲಿಗೆ, ಹೇನು ತಿಂದು ಉಳಿದ ಸೇವಂತಿಗೆ ಎಲ್ಲವೂ ಕಣ್ಣಮುಂದೆ ಬಂದವು. ನಾನು ಬಾಯಿ ತೆರೆಯುವ ಮೊದಲೇ ಯಜಮಾನರು ಕಾರಿನ ಡಿಕ್ಕಿ ತೆಗೆದು, ಮಡಿಸುವ ಕುರ್ಚಿಯನ್ನೂ ಚಿತ್ರದ ಹಲಗೆಯನ್ನೂ ಹಿಂದಿನ ಸೀಟಿಗೆ ಸಾಗಿಸಿ, ‘ಚೀಲಕ್ಕೆ ಎಷ್ಟಮ್ಮಾ?’ ಎಂದು ವಿಚಾರಿಸುತ್ತಿದ್ದರು.